ಹೊಲಿಗೆಯ ಸಂದಿನಲ್ಲಿ ಬರೆದ ಕಥೆ

ಅಂಟಕ್ಕ ಎಂದು ಅವಳಿಗೆ ಹೆಸರಿಟ್ಟವಳು ನಾನೇ. ನಮ್ಮ ಮಕ್ಕಳ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಕೂತು ಹರಿದ ಪುಸ್ತಕ ಸರಿಮಾಡುವ ಹೆಂಗಸಿಗೆ ಇನ್ನೇನು ಹೆಸರಿಡುವುದು? ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು, ಕುತ್ತಿಗೆಯಲ್ಲಿ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಏಪ್ರನ್ನಿನ ಜೇಬಿನಲ್ಲಿ ಕಾಗದದ ಮಡಿಕೆ ತೀಡುವ ಮೂಳೆಯ ಪಟ್ಟಿ. ನಾನು ಮುಂದಿನ ಕೌಂಟರಿನವಳು. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ಮಕ್ಕಳನ್ನು ಗದರುವುದು, ಅವರ ಅಮ್ಮಂದಿರ ಜೊತೆ ಹರಟುವುದು ನನ್ನ ಕೆಲಸ. ಕೊನೆಯದನ್ನು ಯಾರೂ ನನಗೆ ವಹಿಸಿಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ನಮ್ಮಿಬ್ಬರ ನಡುವೆ ಒಂದು ಬಾಗಿಲಿದೆ, ಅದನ್ನು ಮುಚ್ಚಲು ನಾನು ಬಿಡುವುದಿಲ್ಲ. ನನ್ನ ಮಾತು ಅತಿಯಾದಾಗ ಒಳಗಿನಿಂದ ಸಣ್ಣ ದನಿಯೊಂದು ಬರುತ್ತದೆ. "ರೇಡಿಯೋ ಸ್ವಲ್ಪ ಸಣ್ಣಗೆ ಮಾಡು ತಾಯಿ."

ಅಂಟಕ್ಕ ಸದ್ದು ಮಾಡದ ಜೀವ. ಲೋಟವನ್ನು ಮೇಜಿನ ಮೇಲೆ ಇಟ್ಟದ್ದು ಕೇಳಿಸುವುದಿಲ್ಲ, ಕುರ್ಚಿ ಎಳೆದದ್ದು ಕೇಳಿಸುವುದಿಲ್ಲ, ಎಷ್ಟೋ ಸಲ ಬೆನ್ನ ಹಿಂದೆ ಬಂದು ನಿಂತು ನನ್ನ ಜೀವ ಬಾಯಿಗೆ ತಂದಿದ್ದಾಳೆ. ಚಿಕ್ಕವಳಿದ್ದಾಗ ಅವಳ ಅಮ್ಮ ಐದು ವರ್ಷ ಹಾಸಿಗೆ ಹಿಡಿದಿದ್ದರಂತೆ. ಮನೆಯಲ್ಲಿ ತಟ್ಟೆ ಸದ್ದಾದರೂ ಅಪ್ಪನ ಕಣ್ಣು ಕೆಂಪಾಗುತ್ತಿತ್ತಂತೆ. ಹಾಗೆ ಬೆಳೆದವಳು ಈಗಲೂ ತುದಿಗಾಲಲ್ಲೇ ನಡೆಯುತ್ತಾಳೆ. ಮದುವೆ ಮಾಡಿಕೊಳ್ಳಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದುಕೊಂಡು ಅಣ್ಣನ ಎರಡು ಮಕ್ಕಳನ್ನು ತೊಡೆಯ ಮೇಲೆ ಹಾಕಿ ಬೆಳೆಸಿದಳು. "ಅತ್ತೆ, ಒಂದು ಸಲ ಜೋರಾಗಿ ಬಯ್ಯಿ ನೋಡೋಣ" ಎಂದು ಆ ಮಕ್ಕಳು ಗೋಗರೆಯುತ್ತಿದ್ದರಂತೆ. ಅವಳಿಗೆ ಆಗುತ್ತಿರಲಿಲ್ಲ.

ಕೆಲಸದಲ್ಲೂ ಅದೇ. "ಕೈ ಕಾಣಬಾರದು" ಎನ್ನುವುದು ಅವಳು ಆಗಾಗ ಹೇಳುವ ಒಂದೇ ದೊಡ್ಡ ಮಾತು. ಹರಿದ ಹಾಳೆ ಹರಿದಿತ್ತೆಂದು ಗೊತ್ತಾಗಬಾರದು, ಬಿಚ್ಚಿದ ಹೊಲಿಗೆ ಬಿಚ್ಚಿತ್ತೆಂದು ಗೊತ್ತಾಗಬಾರದು. ಪೆನ್ಸಿಲ್ ಗೀಚಿದ್ದರೆ ಅವಳ ಬಿಳಿ ರಬ್ಬರು ಆ ಹಾಳೆಯ ಮೇಲೆ ಸಣ್ಣ ಸಣ್ಣ ಸುತ್ತು ಹೊಡೆದು ಎಲ್ಲವನ್ನೂ ಅಳಿಸಿ, ಪುಡಿಯನ್ನು ಕುಂಚದಲ್ಲಿ ಗುಡಿಸಿ, ಪುಸ್ತಕವನ್ನು ಹೊಸದಾಗಿ ಮಾಡಿ ಕಳಿಸುತ್ತದೆ. ಮಕ್ಕಳು ಏನೇನು ಬರೆದಿರುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ. "ಓದ್ತಾ ಕೂತರೆ ಕೆಲಸ ಮುಗಿಯುತ್ತೇನೆ? ಕೈ ತಾನಾಗೇ ಹೋಗುತ್ತೆ" ಎಂದಿದ್ದಳು. ಅದು ಹೆಮ್ಮೆಯ ಮಾತಾಗಿತ್ತು. ನಾನೂ ತಲೆದೂಗಿದ್ದೆ.

ನಮ್ಮಲ್ಲಿ ಅತಿ ಹೆಚ್ಚು ಸವೆಯುವ ಪುಸ್ತಕವೆಂದರೆ ಸದ್ದು ಮಾಡದ ಹುಡುಗಿಯ ಕಥೆ. ಅದರ ಆರು ಪ್ರತಿಗಳಿವೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಗೆ ಒಂದು ದೊಡ್ಡ ಮನೆ ಸಿಗುತ್ತದೆ. ಅಲ್ಲೊಬ್ಬ ಅಜ್ಜಿ. "ನನ್ನ ಮಗ ರಕ್ಕಸ, ಮಲಗಿದ್ದಾನೆ. ಏಳು ದಿನ ಈ ಕಪಾಟಿನಲ್ಲಿ ಸದ್ದಿಲ್ಲದೆ ಕೂತರೆ ಮನೆಗೆ ಕಳಿಸ್ತೀನಿ" ಎನ್ನುತ್ತಾಳೆ. ಮೊದಲ ದಿನ ಇಲಿ ಬಂದು ಕಾಲು ಕಚಗುಳಿ ಇಡುತ್ತದೆ, ಎರಡನೇ ದಿನ ನೊಣ ಮೂಗಿನ ಮೇಲೆ ಕೂರುತ್ತದೆ, ಹೀಗೇ. ಏಳನೇ ದಿನ ಸೀನು ಬರುತ್ತದೆ. ಹುಡುಗಿ ಮೂಗು ಹಿಡಿದು, ತುಟಿ ಕಚ್ಚಿ, ಸೀನನ್ನೇ ನುಂಗಿಬಿಡುತ್ತಾಳೆ. ರಕ್ಕಸ ಎದ್ದು ಮೆಚ್ಚಿ ಚಿನ್ನದ ಬೂಟು ತೊಡಿಸಿ ಮನೆಗೆ ಕಳಿಸುತ್ತಾನೆ. ಸೀನಿನ ಪುಟಕ್ಕೆ ಬಂದಾಗ ಮಕ್ಕಳೆಲ್ಲ ತಮ್ಮ ಮೂಗು ಹಿಡಿದುಕೊಳ್ಳುತ್ತವೆ, ಅದಕ್ಕೇ ಆ ಪುಟ ಮೊದಲು ಹರಿಯುತ್ತದೆ. ಅಮ್ಮಂದಿರಿಗಂತೂ ಇದರ ಮೇಲೆ ಪ್ರಾಣ. ನಾನೂ ನನ್ನ ಮಕ್ಕಳ ಬಾಯಿಗೆ ಬೀಗ ಹಾಕಿದ್ದು ಇದೇ ಕಥೆ ಹೇಳಿ. ಅಂಟಕ್ಕ ಅಣ್ಣನ ಮಕ್ಕಳನ್ನು ಮಲಗಿಸಿದ್ದೂ ಇದನ್ನೇ ಹೇಳಿ.

ಹೋದ ವರ್ಷ ಒಂದು ಶನಿವಾರ ಒಬ್ಬ ಹೆಂಗಸು ಎಂಟು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದರು. ಅಮ್ಮನಲ್ಲ, ದೊಡ್ಡಮ್ಮ. ಹುಡುಗಿಯ ಅಮ್ಮ ತೀರಿಕೊಂಡಿದ್ದಳು, ಅಪ್ಪನಿಗೆ ಹಡಗಿನ ಕೆಲಸ, ವರ್ಷಕ್ಕೊಮ್ಮೆ ಬರುತ್ತಾನೆ. "ಮೈಯಲ್ಲಿ ಸರಿಯಿರಲ್ಲ ಪಾಪ, ಸ್ಕೂಲಿಗೆ ಕಳಿಸ್ತಿಲ್ಲ, ಮನೇಲೇ ನಾನೇ ಓದಿಸ್ತೀನಿ" ಎಂದರು. ಔಷಧದಂಗಡಿಯಲ್ಲಿ ಬೆಳಗಿನ ಪಾಳಿಯಂತೆ, ಎರಡೂವರೆಗೆ ಮನೆಯಂತೆ. ಇಸ್ತ್ರಿ ಹಾಕಿದ ಬಟ್ಟೆ, ನಗುಮುಖ, ಪ್ರತಿಯೊಬ್ಬರಿಗೂ "ಚೆನ್ನಾಗಿದ್ದೀರಾ?" ಎಂಬ ಮಾತು. ನನಗೆ ಒಂದೇ ಸಲಕ್ಕೆ ಹಿಡಿಸಿಬಿಟ್ಟರು. ಹುಡುಗಿ ಬೆಂಚಿನ ತುದಿಯಲ್ಲಿ ಕೈ ಕಟ್ಟಿ ಕೂತರೆ ಎಬ್ಬಿಸುವವರೆಗೆ ಅಲುಗುತ್ತಿರಲಿಲ್ಲ. ಉಳಿದ ಮಕ್ಕಳು ಗಲಾಟೆ ಮಾಡಿದಾಗಲೆಲ್ಲ ನಾನು ಅವಳ ಕಡೆ ಕೈ ತೋರಿಸಿ, "ಅದನ್ನ ನೋಡಿ ಕಲೀರಿ, ಹೇಗೆ ಕೂತಿದೆ ಇಲಿಮರಿ ಥರ" ಎನ್ನುತ್ತಿದ್ದೆ. ಇಲಿಮರಿ ಎಂದೇ ನಾವು ಅವಳನ್ನು ಕರೆಯತೊಡಗಿದೆವು.

ಪುಸ್ತಕ ಆರಿಸುತ್ತಿದ್ದದ್ದು ದೊಡ್ಡಮ್ಮ. ಪ್ರತಿ ಸಲವೂ ಅದೇ ಕಥೆ. "ಬೇರೆ ಕೊಡ್ಲಾ?" ಎಂದು ನಾನು ಕೇಳಿದರೆ, "ಬೇಡ, ಇದೇ ಅವಳಿಗೆ ಒಳ್ಳೇದು" ಎಂದು ನಗುತ್ತಿದ್ದರು. ಎರಡು ವಾರಕ್ಕೊಮ್ಮೆ ಪುಸ್ತಕ ವಾಪಸು ಬರುತ್ತಿತ್ತು, ಪ್ರತಿ ಸಲವೂ ಬೆನ್ನು ಬಿಟ್ಟು, ಹೊಲಿಗೆ ಸಡಿಲಾಗಿ ಬರುತ್ತಿತ್ತು. ಅಷ್ಟು ಮೆತ್ತನೆಯ ಮಗುವಿನ ಕೈಯಲ್ಲಿ ಪುಸ್ತಕದ ಬೆನ್ನು ಮುರಿಯುವುದು ಹೇಗೆ ಎಂದು ಒಮ್ಮೆ ಅಂದುಕೊಂಡೆ, ಅಷ್ಟೇ, ಅಲ್ಲಿಗೇ ಬಿಟ್ಟೆ. ಒಳಗೆ ಅಂಟಕ್ಕನ ಬುಟ್ಟಿಗೆ ಹಾಕಿದೆ. ಅವಳು ಹೊಲಿದು, ಅಂಟಿಸಿ, ಸಂದಿನಲ್ಲಿದ್ದ ಪೆನ್ಸಿಲ್ ಗೀಟುಗಳನ್ನು ಅಳಿಸಿ ಕಪಾಟಿಗೆ ಕಳಿಸಿದಳು. ಮುಂದಿನ ಸಲ ಬಂದಾಗ ನಾನು ಆ ಪ್ರತಿಯನ್ನು ಇಲಿಮರಿಯ ತೊಡೆಯ ಮೇಲೆ ಬಿಡಿಸಿಟ್ಟು, "ನೋಡು, ಹೊಸದಾಗಿದೆ" ಎಂದು ತೋರಿಸಿದೆ. ಹೀಗೆ ನಾಲ್ಕು ಸಲ ಆಯಿತು.

ಐದನೇ ಸಲ ವಾಪಸು ತಂದಾಗ ದೊಡ್ಡಮ್ಮ ಒಬ್ಬರೇ ಬಂದಿದ್ದರು. ಮಗುವಿಗೆ ನೆಗಡಿ ಎಂದರು. ಸೋಮವಾರ ಬೆಳಿಗ್ಗೆ ನಾನು ವಾಪಸು ಬಂದ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಸೀನಿನ ಪುಟದಲ್ಲಿ ನೀಲಿ ಕಂಡಿತು. ಸಂದಿನಲ್ಲಿ ಪೆನ್ನಿನಿಂದ ಏನೋ ಬರೆದು ಒತ್ತಿದ್ದು ಹಾಳೆಯ ಹಿಂಬದಿಗೆ ಮೂಡಿತ್ತು. ಪೆನ್ಸಿಲ್ ಆದರೆ ನಾವು ತುಟಿ ಬಿಚ್ಚುವುದಿಲ್ಲ. ಶಾಯಿ ಆದರೆ ಮನೆಯವರಿಗೆ ಒಂದು ಕಾರ್ಡು ಹೋಗಬೇಕು, ಅದು ನಿಯಮ. ಅಚ್ಚು ಹಾಕಿಸಿದ ಕಾರ್ಡು. "ತಮ್ಮ ಮಗುವು ಈ ಕೆಳಗಿನ ಪುಸ್ತಕದಲ್ಲಿ ಶಾಯಿಯಿಂದ ಬರೆದಿರುವುದು ಕಂಡುಬಂದಿದೆ" ಎಂದು ಶುರುವಾಗುತ್ತದೆ. ಪುಸ್ತಕದ ಹೆಸರು, ಪುಟದ ಸಂಖ್ಯೆ ತುಂಬಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಬಾಯಿಗೆ ಸಿಗದ ಹರಟೆಯನ್ನು ಕೈಗೆ ಕೊಟ್ಟು ಕೆಳಗೆ ಒಂದು ಸಾಲು ನನ್ನದೇ ಅಕ್ಷರದಲ್ಲಿ ಸೇರಿಸಿದೆ. "ಇಷ್ಟು ಸದ್ದಿಲ್ಲದ ಮಗು ಹೀಗೆ ಮಾಡುತ್ತದೆ ಅಂದುಕೊಂಡಿರಲಿಲ್ಲ, ಸ್ವಲ್ಪ ವಿಚಾರಿಸಿಕೊಳ್ಳಿ." ಏನು ಬರೆದಿದೆ ಎಂದು ಓದಲಿಲ್ಲ. ಮಧ್ಯಾಹ್ನದ ಅಂಚೆಗೆ ಹಾಕಿಸಿದೆ. ನಮ್ಮ ಊರೊಳಗಿನ ಕಾಗದ ಎರಡನೇ ದಿನ ಮಧ್ಯಾಹ್ನದ ಬಟವಾಡೆಯಲ್ಲಿ ತಲುಪುತ್ತದೆ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಟಕ್ಕ ಕೌಂಟರಿನ ಬಳಿ ಬಂದು ನಿಂತಳು. ಕೈಯಲ್ಲಿ ಬಿಚ್ಚಿದ ಪುಸ್ತಕ. ಶಾಯಿ ರಬ್ಬರಿಗೆ ಹೋಗುವುದಿಲ್ಲ. ಹತ್ತಿ ಸುತ್ತಿದ ಕಡ್ಡಿ ಹಿಡಿದು ಅಕ್ಷರ ಅಕ್ಷರವಾಗಿ ಕೂರಬೇಕು, ಕೂತರೆ ಓದದೆ ವಿಧಿಯಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಅವಳ ಕುರ್ಚಿ ಕಿರ್ರೆಂದದ್ದು ನನಗೆ ಕೇಳಿಸಿತ್ತು.

"ಇದನ್ನ ಓದು" ಎಂದಳು.

ಹೊಲಿಗೆ ಬಿಚ್ಚಿದ್ದರಿಂದ ಹಾಳೆ ಪೂರ್ತಿ ಅಗಲವಾಗಿ ಬಿಡಿಸಿಕೊಂಡಿತ್ತು. ಎರಡು ಪುಟಗಳ ನಡುವಿನ ಸಂದಿನಲ್ಲಿ, ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಕಡೆ, ಇರುವೆ ಸಾಲಿನಂಥ ಅಕ್ಷರ.

"ರಕ್ಕಸ ಇಲ್ಲ. ಹುಡುಗಿ ಎಲ್ಲಾ ಕೋಣೆ ನೋಡಿದಳು. ಮನೆಯಲ್ಲಿ ಅಜ್ಜಿ ಒಬ್ಬಳೇ ಇರುವುದು. ಹುಡುಗಿ ಸೀನಿದಳು. ಈಗ ಕಪಾಟು ಅಲ್ಲ, ಅದಕ್ಕಿಂತ ಚಿಕ್ಕದು. ಪೆನ್ಸಿಲ್ ಅಳಿಸಿಹೋಗುತ್ತದೆ. ಅದಕ್ಕೆ ಪೆನ್ನು."

ನಾನು ಎರಡು ಸಲ ಓದಿದೆ. "ಯಾರದು?" ಎಂದು ಕೇಳುವ ಅಗತ್ಯವಿರಲಿಲ್ಲ, ಕೇಳಿದೆ.

"ಇಲಿಮರೀದು" ಎಂದಳು. ಆಮೇಲೆ ನನ್ನ ಮುಖ ನೋಡಿ, "ಕಾರ್ಡು ಹಾಕಿದ್ದೀಯಾ?" ಎಂದಳು.

ನಾನು ಹೂಂ ಎಂದೆ. ಗಡಿಯಾರದಲ್ಲಿ ಹನ್ನೊಂದೂ ಹತ್ತು. ಎರಡು ಗಂಟೆಗೆ ಅಂಚೆ. ಎರಡೂವರೆಗೆ ದೊಡ್ಡಮ್ಮ. ಬಾಗಿಲು ತೆಗೆದ ಕೂಡಲೇ ಆ ಹೆಂಗಸಿನ ಕೈಗೆ ನನ್ನ ಅಕ್ಷರದ ಕಾರ್ಡು ಸಿಗುತ್ತದೆ, ಯಾವ ಪುಸ್ತಕ, ಯಾವ ಪುಟ ಎಂಬ ವಿವರದ ಸಮೇತ.

ನಮ್ಮ ಸಾಹೇಬರು, ಅಂದರೆ ಗ್ರಂಥಾಲಯದ ಮುಖ್ಯಸ್ಥರು, ಕೆಟ್ಟವರಲ್ಲ. ಆದರೆ ಯಾವುದಕ್ಕೂ ಅವಸರಪಡುವವರಲ್ಲ. ಪುಸ್ತಕ ನೋಡಿ ನಕ್ಕರು. "ಮಕ್ಕಳಿಗೆ ಈಗ ದೆವ್ವದ ಕಥೇನೇ ಇಷ್ಟ. ನನ್ನ ಮಗ ರಾಜಕುಮಾರಿ ಕೈಗೆ ಕೊಡಲಿ ಕೊಟ್ಟು ಚಿತ್ರ ಬರೀತಾನೆ. ಹಾಗಂತ ಪೊಲೀಸರನ್ನ ಕರೀಲಾ?"

ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆಗೆಯುವಷ್ಟರಲ್ಲಿ ಅಂಟಕ್ಕ ಹೊರಗೆ ಹೋಗಿಯಾಗಿತ್ತು. ವಾಪಸು ಬಂದಾಗ ಅವಳ ತೋಳಿನಲ್ಲಿ ಅದೇ ಕಥೆಯ ಮೂರು ಪ್ರತಿಗಳಿದ್ದವು. ಯಾವ ಪ್ರತಿಗೆ ಯಾವಾಗ ಎಲ್ಲಿ ಹೊಲಿಗೆ ಹಾಕಿದ್ದೇನೆಂದು ಅವಳಿಗೆ ಬಾಯಿಪಾಠ. ಇಲಿಮರಿಯ ಮನೆಯಿಂದ ಬಂದ ನಾಲ್ಕರಲ್ಲಿ ಮೂರು ಇಲ್ಲಿದ್ದವು. ನಾಲ್ಕನೆಯದು ಬೇರೆ ಯಾರದೋ ಮನೆಯಲ್ಲಿತ್ತು, ಯಾವುದೋ ಮಗು ಅದನ್ನು ಕೇಳುತ್ತ ಮೂಗು ಹಿಡಿದುಕೊಳ್ಳುತ್ತಿತ್ತೋ ಏನೋ.

ಅವಳು ಸಾಹೇಬರ ಕಿಟಕಿಯ ಪರದೆ ಸರಿಸಿದಳು. ತಾನೇ ಮಾಡಿದ ಹೊಲಿಗೆಗೆ ಬ್ಲೇಡು ಹಾಕಿ ಕತ್ತರಿಸಿದಳು. ಅವಳು ತನ್ನ ಕೆಲಸಕ್ಕೆ ತಾನೇ ಬ್ಲೇಡು ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದಳು. ರಬ್ಬರು ಸೀಸವನ್ನು ಒಯ್ಯುತ್ತದೆ, ಒತ್ತಿದ ಗುರುತನ್ನು ಒಯ್ಯುವುದಿಲ್ಲ. ಮಗು ಒತ್ತಿ ಬರೆದಿತ್ತು. ಖಾಲಿ ಹಾಳೆಯಲ್ಲಿ ಅಕ್ಷರದ ನೆರಳು ಎದ್ದುಬಂತು. ಅಂಟಕ್ಕ ತನ್ನ ಸಣ್ಣ ದನಿಯಲ್ಲಿ ಓದಿದಳು.

"ಕಪಾಟಿನಲ್ಲಿ ಕೂತರೆ ಕಾಲು ಮೊದಲು ಚುಚ್ಚುತ್ತದೆ. ಆಮೇಲೆ ಕಾಲು ಇದೆ ಅಂತಲೇ ಗೊತ್ತಾಗುವುದಿಲ್ಲ."

ಎರಡನೆಯದು. "ಬೀಗದ ಕಣ್ಣಿನಿಂದ ಬೆಳಕು ಬರುತ್ತದೆ. ಬೆಳಕು ಮೊಳೆ ಮುಟ್ಟಿದರೆ ಊಟ. ಒಮ್ಮೊಮ್ಮೆ ಮುಟ್ಟಿದರೂ ಇಲ್ಲ."

ಮೂರನೆಯದು. "ಅಜ್ಜಿಗೆ ಏಳರವರೆಗೆ ಎಣಿಸಲು ಬರುವುದಿಲ್ಲ. ಆರು ಆದ ಮೇಲೆ ಮತ್ತೆ ಒಂದು ಅನ್ನುತ್ತಾಳೆ."

ಎಷ್ಟು ವರ್ಷದಿಂದ ನಾನು ಆ ಕಥೆ ಹೇಳಿಕೊಂಡು ಬಂದಿದ್ದೇನೆ. ಒಂದು ಮಗುವನ್ನು ಕಪಾಟಿಗೆ ಹಾಕಿ ಬೀಗ ಜಡಿಯುವ ಕಥೆ ಅದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಬೂಟು ಚಿನ್ನದ್ದಲ್ಲವೇ, ಎಲ್ಲರ ಕಣ್ಣೂ ಅದರ ಮೇಲೆಯೇ.

"ಕಥೆ ಕಟ್ಟಿ ಹೇಳೋ ಮಗು ದೆವ್ವ ಬರೀತದೆ ಸರ್" ಎಂದಳು ಅಂಟಕ್ಕ. "ಮೊಳೆ ಬರೆಯಲ್ಲ."

ಸಾಹೇಬರ ನಗು ಇಳಿಯಿತು. ಫೋನು ಎತ್ತಿಕೊಂಡರು. ಪೊಲೀಸ್ ಠಾಣೆಯಿಂದ ಮಕ್ಕಳ ರಕ್ಷಣೆಯ ಕಚೇರಿಗೆ, ಆ ಕಚೇರಿಯಿಂದ ಮತ್ತೆ ಠಾಣೆಗೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಬೇಕು, ಅದರ ಮಧ್ಯೆ ಊಟದ ವಿರಾಮ ಬೇರೆ. ಕೊನೆಗೆ ಒಂದು ಗಂಟೆಯ ಹೊತ್ತಿಗೆ, "ಸಂಜೆಯೊಳಗೆ ಒಬ್ಬರನ್ನ ಕಳಿಸ್ತೀವಿ" ಎಂಬ ಉತ್ತರ ಬಂತು. ಸಂಜೆಯೊಳಗೆ ಎಂದರೆ ಯಾವಾಗ ಎಂದು ಸಾಹೇಬರು ಕೇಳಿದರು. ಸಂಜೆಯೊಳಗೆ, ಎಂದರಂತೆ.

ಅಂಟಕ್ಕ ಏಪ್ರನ್ನನ್ನೂ ಬಿಚ್ಚದೆ ಚಪ್ಪಲಿ ಮೆಟ್ಟಿದಳು. ನಾನು ಕೌಂಟರಿನ ಮೇಲೆ "ಈಗ ಬರುತ್ತೇವೆ" ಎಂಬ ಹಲಗೆ ಇಟ್ಟು ಹಿಂದೆಯೇ ಓಡಿದೆ. ಸದಸ್ಯತ್ವದ ಅರ್ಜಿಯಲ್ಲಿ ವಿಳಾಸವಿತ್ತು. ಬಸ್ಸಿನಲ್ಲಿ ನಾನು ಏನೇನೋ ಮಾತಾಡಿದೆ. ಪೋಸ್ಟ್‌ಮ್ಯಾನನ್ನು ದಾರಿಯಲ್ಲೇ ಹಿಡಿಯಬಹುದು ಎಂದೆ, ಕಾರ್ಡು ತಪ್ಪಿ ಬೇರೆ ಮನೆಗೆ ಹೋಗಿರಬಹುದು ಎಂದೆ, ನಾವು ತಪ್ಪು ತಿಳಿದಿರಬಹುದು ಎಂದೂ ಎಂದೆ. ಅವಳು ಮೂಳೆಯ ಪಟ್ಟಿಯನ್ನು ಬೆರಳ ನಡುವೆ ತಿರುಗಿಸುತ್ತ ಕೂತಿದ್ದಳು. ಕೆಂಪು ದೀಪ ಬಿದ್ದಲ್ಲೆಲ್ಲ ಡ್ರೈವರಿಗೆ ಹಿಡಿಶಾಪ ಹಾಕಿದೆ, ಅವನ ತಪ್ಪೇನೂ ಇರಲಿಲ್ಲ.

ಆ ಬೀದಿಗೆ ತಲುಪಿದಾಗ ಎರಡೂ ಐದು. ಪೋಸ್ಟ್‌ಮ್ಯಾನ್ ಬೀದಿಯ ಆ ತುದಿ ದಾಟಿ ಸೈಕಲ್ ತಿರುಗಿಸುತ್ತಿದ್ದ. ಸಾಲಾಗಿ ಒಂದೇ ಥರದ ಮನೆಗಳು. ಅವರದು ಮೂರನೆಯದು, ಎಲ್ಲಕ್ಕಿಂತ ಚೊಕ್ಕಟ. ಮೆಟ್ಟಿಲು ತೊಳೆದಿತ್ತು, ಕುಂಡದ ಗಿಡಕ್ಕೆ ನೀರು ಹಾಕಿತ್ತು. ಬಾಗಿಲಿಗೆ ಬೀಗ. ಬಾಗಿಲಿನಲ್ಲೇ ಕಾಗದ ಹಾಕುವ ಸೀಳು. ಮುಚ್ಚಳ ಎತ್ತಿ ಬಗ್ಗಿ ನೋಡಿದೆ. ಒಳಗೆ ಕಾಲೊರಸಿನ ಮೇಲೆ ನನ್ನ ಕಾರ್ಡು ಅಂಗಾತ ಬಿದ್ದಿತ್ತು, ನನ್ನ ಅಕ್ಷರ ಮೇಲಕ್ಕಿತ್ತು. ಅಂಟಕ್ಕ ಮೂಳೆಯ ಪಟ್ಟಿಯನ್ನು ಸೀಳಿನಿಂದ ತೂರಿಸಿ, ಮೊಣಕೈವರೆಗೆ ತೋಳು ತುರುಕಿ ಎಳೆಯಲು ನೋಡಿದಳು. ಒಂದು ಗೇಣು ಸಾಲಲಿಲ್ಲ.

"ಪುಟ್ಟಾ" ಎಂದು ನಾನು ಸೀಳಿಗೆ ಬಾಯಿಟ್ಟು ಕರೆದೆ. "ಪುಟ್ಟಾ, ಒಳಗಿದ್ದೀಯಾ? ನಾವು ಲೈಬ್ರರಿಯವರು. ಹೆದರಬೇಡ ಮಗಾ, ಒಂದು ಸಲ ಓ ಅನ್ನು."

ಏನೂ ಇಲ್ಲ. ಮತ್ತೆ ಕರೆದೆ. ಗೋಡೆ ಗಡಿಯಾರದ ಟಿಕ್ ಟಿಕ್ ಮಾತ್ರ. ಕಿಟಕಿಗಳಿಗೆಲ್ಲ ಪರದೆ. ಒಳಗೆ ಮಗು ಇಲ್ಲವೇನೋ, ಅಥವಾ ಓ ಎನ್ನುವ ಸ್ಥಿತಿಯಲ್ಲಿ ಇಲ್ಲವೇನೋ ಎನ್ನಿಸಿತು. ಅಂಟಕ್ಕ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಕರೆದರೆ ಬರಲ್ಲ ಅದು" ಎಂದಳು. "ಕಲಿಸಿದ್ದಾರೆ."

ಮೆಟ್ಟಿಲ ಮೇಲೆ ಮಂಡಿಯೂರಿ ಕೂತು ಸೀಳಿನ ಮುಚ್ಚಳ ಎತ್ತಿ ಹಿಡಿದಳು. ಅಣ್ಣನ ಮಕ್ಕಳಿಗೆ ಕಥೆ ಹೇಳುತ್ತಿದ್ದ ದನಿ ಅದೇ ಇರಬೇಕು, ನಾನು ಮೊದಲು ಕೇಳಿರಲಿಲ್ಲ. "ಮಗಳೇ, ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಏಳು ಮುಗೀತು. ಮತ್ತೆ ಒಂದು ಇಲ್ಲ. ಇನ್ನು ಸೀನಬಹುದು."

ನಾವಿಬ್ಬರೂ ಸೀಳಿಗೆ ಕಿವಿಯಿಟ್ಟೆವು.

ಎಲ್ಲೋ ಎರಡು ಬಾಗಿಲಾಚೆಯಿಂದ, ನೆಗಡಿಯಿಲ್ಲದ, ಬೇಕೆಂದೇ ಮಾಡಿದ ಒಂದು ಸಣ್ಣ ಸೀನು ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು.

ನನ್ನ ಕಣ್ಣಿನಲ್ಲಿ ನೀರು ಬಂತು. ಫೋನು ತೆಗೆದು ಸಾಹೇಬರಿಗೆ ಹೇಳಿದೆ. ಮಗು ಒಳಗಿದೆ, ಬೀಗ ಹಾಕಿದೆ, ನನ್ನ ಕಿವಿಯಾರ ಕೇಳಿದ್ದೇನೆ, ಸಂಜೆಯ ಮಾತು ಬೇಡ, ಈಗಲೇ ಎಂದೆ. ಅವರು ಆಗಲೇ ಠಾಣೆಯ ಬಾಗಿಲಲ್ಲಿ ನಿಂತಿದ್ದರು.

ದೊಡ್ಡಮ್ಮ ಬಂದದ್ದು ಎರಡೂ ಇಪ್ಪತ್ತೈದಕ್ಕೆ, ಐದು ನಿಮಿಷ ಮುಂಚೆಯೇ. ಕೈಯಲ್ಲಿ ಬ್ರೆಡ್ಡಿನ ಚೀಲ, ಬೀಗದ ಕೈ. ನಮ್ಮನ್ನು ನೋಡಿ ಒಂದು ಗಳಿಗೆ ನಿಂತರು, ಆಮೇಲೆ ಅದೇ ನಗು.

"ಓ, ನೀವಾ? ಚೆನ್ನಾಗಿದ್ದೀರಾ? ಏನು ಇಷ್ಟು ದೂರ?"

ಇಷ್ಟು ವರ್ಷ ಬಾಯಿ ಮುಚ್ಚದ ನಾನು, "ಪುಸ್ತಕದ ವಿಷಯ" ಎಂದು ತೊದಲಿದೆ. ಅವರು ನನ್ನನ್ನು ದಾಟಿ ಬಾಗಿಲಿನತ್ತ ಬಂದರು. ಅಂಟಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಸ್ವಲ್ಪ ದಾರಿ ಬಿಡ್ತೀರಾ?"

ಅಂಟಕ್ಕ ಬಿಡಲಿಲ್ಲ.

"ನೋಡಿ, ಮಗು ಮಲಗಿದೆ" ಎಂದರು ದೊಡ್ಡಮ್ಮ, ತುಟಿಯ ಮೇಲೆ ಬೆರಳಿಟ್ಟು. "ದಯವಿಟ್ಟು ಸದ್ದು ಮಾಡಬೇಡಿ."

ಅಷ್ಟು ಹೇಳಿದ್ದೇ ತಪ್ಪಾಯಿತು. ಅಂಟಕ್ಕ ಬಾಯಿ ತೆರೆದಳು. ಆ ಐವತ್ತು ದಾಟಿದ ಎದೆಯಲ್ಲಿ ಅಂಥ ದನಿ ಎಲ್ಲಿ ಕೂತಿತ್ತೋ ನನಗೆ ಗೊತ್ತಿಲ್ಲ. ಮಾತಲ್ಲ, ಬರೀ ಕೂಗು. ಕೂಗುತ್ತ ಎರಡೂ ಮುಷ್ಟಿಯಿಂದ ಬಾಗಿಲು ಬಡಿದಳು, ಮೂಳೆಯ ಪಟ್ಟಿ ಮುರಿದು ಎರಡು ತುಂಡಾಯಿತು, ಬಡಿಯುವುದು ನಿಲ್ಲಿಸಲಿಲ್ಲ. ನನಗೂ ಗಂಟಲು ಬಿಟ್ಟಿತು, ನಾನೂ ಸೇರಿಕೊಂಡೆ. ಬೀದಿಯ ಕಿಟಕಿಗಳೆಲ್ಲ ತೆರೆದವು. ಎದುರು ಮನೆಯ ಮುದುಕ ಊರುಗೋಲಿನ ಸಮೇತ ಬಂದ, ಪಕ್ಕದ ಮನೆಯ ಬಾಣಂತಿ ಮಗುವನ್ನು ಎತ್ತಿಕೊಂಡೇ ಬಂದಳು. ಅಷ್ಟು ಕಣ್ಣುಗಳ ಎದುರು ದೊಡ್ಡಮ್ಮನಿಗೆ ಒಳಗೆ ಹೋಗಲೂ ಆಗಲಿಲ್ಲ, ಓಡಲೂ ಆಗಲಿಲ್ಲ. ಜೀಪು ಬರುವವರೆಗೆ, ಹನ್ನೆರಡು ನಿಮಿಷ, ಅಂಟಕ್ಕ ಆ ಬಾಗಿಲು ಬಿಡಲಿಲ್ಲ. ಒಳಗೆ ಮಗುವಿಗೆ ಅದೆಲ್ಲ ಕೇಳಿಸುತ್ತಿತ್ತು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಪೊಲೀಸ್ ಹೆಂಗಸು ಬೀಗದ ಕೈ ಇಸಿದುಕೊಂಡು ಬಾಗಿಲು ತೆರೆಸಿದರು. ಎಲ್ಲರಿಗಿಂತ ಮೊದಲು ಕಾಲೊರಸಿನ ಮೇಲಿನ ಕಾರ್ಡು ಎತ್ತಿಕೊಂಡವಳು ನಾನು. ಅಡುಗೆಮನೆಯ ಆಚೆ ಸಾಮಾನಿಡುವ ಒಂದು ಗೂಡು, ಅದಕ್ಕೊಂದು ಬೀಗ. ಇಲಿಮರಿ ಅಲ್ಲಿತ್ತು, ಮಡಿಸಿದ ಕಂಬಳಿಯ ಮೇಲೆ, ಮೊಣಕಾಲು ಗಲ್ಲಕ್ಕೆ ಒತ್ತಿಕೊಂಡು. ಕೈಯಲ್ಲಿ ಪೆನ್ನಿನ ಬರೀ ಕಡ್ಡಿ. ನಿಲ್ಲಿಸಿದರೆ ಕಾಲು ನಿಲ್ಲುತ್ತಿರಲಿಲ್ಲ, ಅಂಟಕ್ಕ ಎತ್ತಿಕೊಂಡಳು. ಹೊರಗಿನ ಬೆಳಕಿಗೆ ಬಂದಾಗ ಮಗುವಿಗೆ ನಿಜವಾದ ಸೀನು ಬಂತು. ತಟ್ಟನೆ ಮೂಗು ಹಿಡಿದುಕೊಂಡಿತು. ಅಂಟಕ್ಕ ಅದರ ಕೈ ಬಿಡಿಸಿದಳು.

ಅಪ್ಪ ಹಡಗು ಬಿಟ್ಟು ಬಂದ. ಬರುವಷ್ಟರಲ್ಲಿ ಮೂರು ವಾರವಾಗಿತ್ತು, ಅಲ್ಲಿಯವರೆಗೆ ಮಗು ಆಸ್ಪತ್ರೆಯಲ್ಲಿತ್ತು. ಆತ ಅತ್ತದ್ದು, ದೊಡ್ಡಮ್ಮನ ಮೇಲೆ ಕೇಸು ನಡೆಯುತ್ತಿರುವುದು, ಅದೆಲ್ಲ ಬೇರೆ. ಎರಡು ತಿಂಗಳ ಮೇಲೆ ಒಂದು ಶನಿವಾರ ಅಪ್ಪ ಮಗುವಿನ ಕೈ ಹಿಡಿದುಕೊಂಡು ಗ್ರಂಥಾಲಯಕ್ಕೆ ಬಂದ. ಇಲಿಮರಿ ಸ್ವಲ್ಪ ಮೈ ತುಂಬಿಕೊಂಡಿತ್ತು. ಬೆಂಚಿನ ಮೇಲೆ ಕೂರಲಿಲ್ಲ. ನೇರವಾಗಿ ಹಿಂದಿನ ಕೋಣೆಗೆ ಹೋಗಿ ಅಂಟಕ್ಕನ ಮೇಜಿನ ಮುಂದೆ ನಿಂತು ಅಂಟಿನ ಬಟ್ಟಲು, ಸೂಜಿ, ದಾರ ಎಲ್ಲ ನೋಡಿತು. ಬಿಳಿ ರಬ್ಬರನ್ನು ಕೈಗೆ ತೆಗೆದುಕೊಂಡಿತು. ನಾನು ಬಾಗಿಲಲ್ಲಿದ್ದೆ.

"ಅಳಿಸ್ತಿದ್ದದ್ದು ನೀವೇನಾ?"

ಅಂಟಕ್ಕನ ಕೈ ಅಲ್ಲೇ ನಿಂತಿತು. "ಹೌದು ಮಗಳೇ."

"ನಾಲ್ಕು ಸಲಾನೂ?"

"ನಾಲ್ಕು ಸಲಾನೂ."

ಮಗು ರಬ್ಬರನ್ನು ತಿರುಗಿಸಿ ತಿರುಗಿಸಿ ನೋಡಿತು. "ಓದಿ ಅಳಿಸ್ತಿದ್ರಾ, ಓದದೆ ಅಳಿಸ್ತಿದ್ರಾ?"

ನನಗೆ ಮಧ್ಯೆ ಬಾಯಿ ಹಾಕಿ ಏನಾದರೂ ಹೇಳಿಬಿಡಬೇಕು ಎನ್ನಿಸಿತು. ಕಾರ್ಡು ಹಾಕಿದವಳು ನಾನು, ಕೇಳುವುದಿದ್ದರೆ ನನ್ನನ್ನು ಕೇಳು ಎನ್ನಬೇಕು ಎನ್ನಿಸಿತು. ಅಂಟಕ್ಕನ ಮುಖ ಬಿಳಚಿಕೊಂಡಿತ್ತು. ಸುಳ್ಳು ಹೇಳಿದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಯಾವ ಸುಳ್ಳು ಮಗುವಿಗೆ ಹಿತವೆಂದು ಯಾರಿಗೆ ಗೊತ್ತು.

"ಓದದೆ" ಎಂದಳು. "ಓದಲಿಲ್ಲ ಮಗಳೇ. ಓದಬೇಕಾಗಿತ್ತು."

ಇಲಿಮರಿ ದೊಡ್ಡದೊಂದು ಉಸಿರು ಬಿಟ್ಟಿತು. ಮೊದಲ ಸಲ ಅದರ ಭುಜ ಇಳಿದದ್ದನ್ನು ನಾನು ನೋಡಿದೆ.

"ಹಾಗಾದ್ರೆ ಸರಿ" ಎಂದಿತು. "ನಾನು, ಓದಿಯೂ ಬರಲಿಲ್ಲ ಅಂದ್ಕೊಂಡಿದ್ದೆ."

ರಬ್ಬರನ್ನು ಮೇಜಿನ ಮೇಲಿಟ್ಟು ಅಪ್ಪನ ಹತ್ತಿರ ಓಡಿತು, ಚಪ್ಪಲಿ ಟಪಟಪ ಸದ್ದು ಮಾಡಿತು. ನಾನು ಗದರಲಿಲ್ಲ.

ಅಂಟಕ್ಕ ಈಗಲೂ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಬುಟ್ಟಿಯಲ್ಲಿ ಪುಸ್ತಕಗಳು ಕುತ್ತಿಗೆಯವರೆಗೆ ಬೆಳೆದಿವೆ, ಯಾಕೆಂದರೆ ಅವಳು ಪ್ರತಿಯೊಂದು ಹಾಳೆಯನ್ನೂ ಕಿಟಕಿಯ ಬೆಳಕಿಗೆ ಓರೆ ಹಿಡಿದು, ಮಕ್ಕಳು ಗೀಚಿದ್ದನ್ನೆಲ್ಲ ಓದುತ್ತಾಳೆ. ಆನೆ, ಬೈಗುಳ, ತಪ್ಪು ಕೂಡಿಸಿದ ಲೆಕ್ಕ, ಯಾರಿಗೆ ಯಾರ ಮೇಲೆ ಪ್ರೀತಿ ಎಂಬುದು. ಒಮ್ಮೊಮ್ಮೆ ಒಳಗಿನಿಂದ ಜೋರಾಗಿ ಓದಿ ಹೇಳುತ್ತಾಳೆ, ಓದುವ ಕೋಣೆಯವರೆಗೂ ಕೇಳಿಸುತ್ತದೆ, ಸಾಹೇಬರು ಏನೂ ಅನ್ನುವುದಿಲ್ಲ. ನನ್ನ ಕಾರ್ಡು ಕೌಂಟರಿನ ಡ್ರಾಯರಿನಲ್ಲಿದೆ. ದಿನಕ್ಕೊಮ್ಮೆಯಾದರೂ ತೆಗೆದು, ಕೊನೆಯ ಸಾಲನ್ನು ಓದಿ, ಮತ್ತೆ ಒಳಗಿಡುತ್ತೇನೆ.